ಚಂಡೆ ಕೀಬೋರ್ಡಿಗೆ ಬರಬೇಕಾದರೆ

(ಶಿರಸಿಯಲ್ಲಿ ಮನೆ ಸ್ಟುಡಿಯೋ ಇಟ್ಟುಕೊಂಡವರು ಮತ್ತು ಯಕ್ಷಗಾನ ಹಿಮ್ಮೇಳದ ಕಲಾವಿದರು ಸೇರಿದಾಗ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ನಮ್ಮ ಚಂಡೆ, ಮದ್ದಲೆ, ಗುಮಟೆಯ ದನಿಯನ್ನು ಕಂಪ್ಯೂಟರಿನಲ್ಲಿ ನುಡಿಸುವ ಹಾಗೆ ಮಾಡಬೇಕಾದರೆ ಏನೇನು ಬೇಕು ಅನ್ನುವುದು ಇವತ್ತಿನ ಮಾತು.

1991ರಲ್ಲಿ ಜನರಲ್ ಮಿಡಿ ಅಂತ ಒಂದು ಒಪ್ಪಂದ ಬಂತು. ಯಾವ ಕಂಪನಿಯ ಕೀಬೋರ್ಡ್ ಆದರೂ 128 ವಾದ್ಯಗಳ ದನಿ ಒಂದೇ ಕ್ರಮದಲ್ಲಿ ಇರಬೇಕು ಅನ್ನುವುದು ಅದರ ಉದ್ದೇಶ. ಆ ಪಟ್ಟಿಯಲ್ಲಿ 105 ಸಿತಾರ್. 112 ಶಹನಾಯಿ. ಹೆಸರು ಓದಿ ಭಾರತದ್ದು ಅನ್ನಬಹುದಾದದ್ದು ಇಷ್ಟೇ. 117ನೆಯದು ಟೈಕೊ, ಜಪಾನಿನ ದೊಡ್ಡ ಡೋಲು. ನಮ್ಮ ಕಡೆ ಯಕ್ಷಗಾನದ ಪ್ರೊಮೋ ವಿಡಿಯೋ ಮಾಡುವವರು ಯುದ್ಧದ ದೃಶ್ಯಕ್ಕೆ ಇವತ್ತಿಗೂ ಟೈಕೊ ಹಾಕುತ್ತಾರೆ. ರಾಕ್ಷಸ ವೇಷ ಕುಣಿಯುತ್ತಿರುತ್ತದೆ, ಹಿಂದಿನಿಂದ ಜಪಾನಿನ ಡೋಲು ಕೇಳುತ್ತದೆ. ನಗು ಬರುತ್ತದೆ, ಆದರೆ ಅವರನ್ನು ಬೈಯುವ ಹಾಗಿಲ್ಲ. ಕೈಗೆ ಸಿಗುವ ದನಿಯನ್ನೇ ಅಲ್ವಾ ಬಳಸಬೇಕು?

ಆ ಪಟ್ಟಿ ಬಂದ ಮೇಲೆ ತಂತ್ರಜ್ಞಾನ ತುಂಬಾ ಮುಂದೆ ಹೋಯಿತು. 1998ರಲ್ಲಿ ಗಿಗಾಸ್ಯಾಂಪ್ಲರ್ ಅನ್ನುವ ಸಾಫ್ಟ್‌ವೇರ್ ಬಂತು. ವಾದ್ಯದ ಒಂದೊಂದು ದನಿಯ ರೆಕಾರ್ಡಿಂಗ್ ಅಂದರೆ ಸ್ಯಾಂಪಲ್, ಅವನ್ನು ಕೀಲಿ ಒತ್ತಿದಾಗ ನುಡಿಸುವುದು ಸ್ಯಾಂಪ್ಲರ್, ಅವುಗಳ ಸಂಗ್ರಹ ಲೈಬ್ರರಿ. ಸ್ಯಾಂಪಲ್‌ಗಳನ್ನು ಪೂರ್ತಿ ಮೆಮೊರಿಗೆ ತುಂಬದೆ ಹಾರ್ಡ್ ಡಿಸ್ಕಿನಿಂದಲೇ ಓದಿಸುವ ದಾರಿ ತೋರಿಸಿತು. 2002ರಲ್ಲಿ ಕಾಂಟ್ಯಾಕ್ಟ್ ಅನ್ನುವ ಇನ್ನೊಂದು ಸ್ಯಾಂಪ್ಲರ್ ಬಂತು. ಈಗ ಒಂದು ಪಿಟೀಲು ಲೈಬ್ರರಿಗೇ ಹತ್ತಾರು ಜಿಬಿ. ತಬಲಾ, ಬಾನ್ಸುರಿ, ಮೃದಂಗಕ್ಕೂ ಒಳ್ಳೆಯವು ಇವೆ. ಸ್ವರ್ ಸಿಸ್ಟಮ್ಸ್‌ನವರು ಭಾರತದ ವಾದ್ಯಗಳ ಮೇಲೇ ಕೆಲಸ ಮಾಡಿದ್ದಾರೆ. ಆದರೆ ಚಂಡೆ ಅಂತ ಹುಡುಕಿದರೆ ಸಾಮಾನ್ಯವಾಗಿ ಎದುರಾಗುವುದು ಕೇರಳದ ಚೆಂಡೆ. ಅದು ಒಳ್ಳೆಯ ವಾದ್ಯವೇ. ನಮ್ಮ ಬಡಗುತಿಟ್ಟಿನ (ಉತ್ತರದ ಯಕ್ಷಗಾನ ಶೈಲಿಯ) ಚಂಡೆ ಮಾತ್ರ ಅದಲ್ಲ.

ಹಾಗಾಗಿ ಇಲ್ಲಿ ಯಾರನ್ನು ಕೇಳಿದರೂ ಹೊಸ ಲೈಬ್ರರಿಯ ಆಸೆ ಇದ್ದೇ ಇದೆ. ಒಬ್ಬರಿಗೆ ಚಂಡೆ ಬೇಕು, ಒಬ್ಬರಿಗೆ ಗುಮಟೆ, ಒಬ್ಬರಿಗೆ ಸಿದ್ದಿಯರ ಡಮಾಮಿ ಡೋಲು. ನನ್ನ ತಕರಾರು ಒಂದೇ. ವಾದ್ಯದ ಹೆಸರು ಹೇಳಿ ಸುಮ್ನೆ ಕೂತರೆ ಲೈಬ್ರರಿ ಮಾಡುವವನಿಗೆ ಏನೂ ತಿಳಿಯುವುದಿಲ್ಲ. ಯಾವ ಪೆಟ್ಟು, ಯಾವ ಶ್ರುತಿ, ಎಷ್ಟು ದೂರದಿಂದ, ಯಾರ ಕೈ, ಇಷ್ಟನ್ನೂ ನಾವೇ ಹೇಳಬೇಕು. ನಮ್ಮನ್ನು ಬಿಟ್ಟು ಬೇರೆ ಯಾರೂ ಹೇಳುವುದಿಲ್ಲ.

ಮೊದಲು ಶ್ರುತಿ. ಹಿಮ್ಮೇಳದವರಿಗೆ ನಾನು ಇದನ್ನು ಹೇಳಬೇಕಾಗಿಲ್ಲ. ಭಾಗವತರು ಬದಲಾದರೆ ಶ್ರುತಿ ಬದಲಾಗುತ್ತದೆ. ಮದ್ದಲೆಯವರು ಬೇರೆ ಮದ್ದಲೆ ಎತ್ತಿಕೊಳ್ಳುತ್ತಾರೆ. ಕಂಪ್ಯೂಟರಿನಲ್ಲಿ ಏನಾಗುತ್ತದೆ? ಕಪ್ಪು ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಕೀಲಿಯ ಶ್ರುತಿಯಲ್ಲಿ) ರೆಕಾರ್ಡ್ ಮಾಡಿದ ಮದ್ದಲೆಯನ್ನು ಕಪ್ಪು ಮೂರಕ್ಕೆ ಏರಿಸುತ್ತೀರಿ ಅಂದುಕೊಳ್ಳಿ. ಅಂದರೆ ಐದು ಸ್ವರಸ್ಥಾನ ಮೇಲೆ. ಸ್ಯಾಂಪ್ಲರ್ ಮಾಮೂಲಾಗಿ ಮಾಡುವುದು ಆ ಧ್ವನಿಯನ್ನು ವೇಗವಾಗಿ ಓಡಿಸುವುದು, ಅಷ್ಟೇ. ಐದು ಸ್ವರಸ್ಥಾನಕ್ಕೆ ವೇಗ ಸುಮಾರು 33 ಶೇಕಡಾ ಜಾಸ್ತಿ ಆಗುತ್ತದೆ. ನಾದ ಬೇಗ ಸಾಯುತ್ತದೆ. ಮದ್ದಲೆ ಆಟಿಕೆಯ ಹಾಗೆ ಕೇಳುತ್ತದೆ. ನಿಜವಾದ ಮದ್ದಲೆಯಲ್ಲಿ ಶ್ರುತಿ ಏರಿದರೂ ಮರದ ಹೊಟ್ಟೆ ಚಿಕ್ಕದಾಗುವುದಿಲ್ಲವಲ್ಲ!

ಪರಿಹಾರ ಕಷ್ಟದ್ದಲ್ಲ. ಕಪ್ಪು ಒಂದು, ಕಪ್ಪು ಎರಡು, ಬಿಳಿ ನಾಲ್ಕು, ಈ ಮೂರು ಶ್ರುತಿಗಳಲ್ಲಿ ರೆಕಾರ್ಡ್ ಮಾಡಿದರೆ ಬಿಳಿ ಒಂದರಿಂದ ಕಪ್ಪು ಮೂರರವರೆಗೆ ಎಲ್ಲವೂ ಸಿಗುತ್ತದೆ. ಎಲ್ಲಿಯೂ ಒಂದು ಸ್ವರಸ್ಥಾನಕ್ಕಿಂತ ಹೆಚ್ಚು ಎಳೆಯಬೇಕಾಗಿಲ್ಲ. ಒಂದು ಸ್ವರಸ್ಥಾನ ಎಳೆದದ್ದು ಕಿವಿಗೆ ಗೊತ್ತಾಗುವುದು ಕಡಿಮೆ.

ಎರಡನೆಯದು ಪೆಟ್ಟು. ಕೀಬೋರ್ಡ್ ನೀವು ಎಷ್ಟು ಜೋರಾಗಿ ಒತ್ತಿದಿರಿ ಅನ್ನುವುದನ್ನು 1ರಿಂದ 127ರವರೆಗಿನ ಅಂಕೆಯಾಗಿ ಕಳಿಸುತ್ತದೆ. ಮೆಲ್ಲಗೆ, ಸ್ವಲ್ಪ ಜೋರಾಗಿ, ಇನ್ನೂ ಜೋರಾಗಿ, ಹೀಗೆ ಬೇರೆ ಬೇರೆ ಪೆಟ್ಟು ರೆಕಾರ್ಡ್ ಮಾಡಿ ಆ ಅಂಕೆಗಳಿಗೆ ಹಂಚಬೇಕು. ಇವನ್ನು ಪದರ ಅನ್ನೋಣ. ಒಂದೇ ಪದರದಲ್ಲೂ ಒಂದೇ ಪೆಟ್ಟು ಇದ್ದರೆ ಸಾಲದು. ಚಂಡೆಯ ಕೋಲು ಬೇಗ ಬೇಗ ಬೀಳುವಾಗ ಅದೇ ರೆಕಾರ್ಡಿಂಗ್ ಮತ್ತೆ ಮತ್ತೆ ಬಂದರೆ ಮೆಷಿನ್ ಗನ್ ಆಗುತ್ತದೆ. ಅದಕ್ಕೇ ಪ್ರತಿ ಪದರಕ್ಕೆ ಐದಾರು ಬೇರೆ ಬೇರೆ ಪೆಟ್ಟು ಇಟ್ಟು ಸರದಿಯಲ್ಲಿ ಬಳಸುತ್ತಾರೆ. ರೌಂಡ್ ರಾಬಿನ್ ಅಂದರೆ ಇದೇ. ಚಂಡೆಗೆ ಇನ್ನೊಂದು ಸೇರಿಸಬೇಕು: ಬಲಗೈ ಪೆಟ್ಟು ಬೇರೆ, ಎಡಗೈ ಪೆಟ್ಟು ಬೇರೆ. ಎರಡೂ ಕೈ ಒಂದೇ ತೂಕ ಇರುವ ಚಂಡೆಗಾರರು ಇದ್ದರೆ ತಿಳಿಸಿ, ನೋಡಿಕೊಂಡು ಬರುತ್ತೇನೆ.

ಈಗ ಲೆಕ್ಕ ಹಾಕಿ. ಮದ್ದಲೆಗೆ 10 ಬಗೆಯ ಪೆಟ್ಟು, 6 ಪದರ, ಪ್ರತಿ ಪದರಕ್ಕೆ 6 ಸರದಿ. 360 ಪೆಟ್ಟು ಆಯಿತು. ಮೂರು ಶ್ರುತಿಗೆ 1080. ಮೂರು ಕಡೆ ಮೈಕ್ ಇಟ್ಟರೆ 3240 ಫೈಲು. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋದಲ್ಲಿ ಒಂದೊಂದು ಮೂರು ಸೆಕೆಂಡು ಅಂದರೆ ಸುಮಾರು 2.8 ಜಿಬಿ. ಇದು ದೊಡ್ಡದಲ್ಲ. 8 ಜಿಬಿ ಮೆಮೊರಿ ಇರುವ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಸಿದ್ದಾಪುರದ ಒಳಗಿನ ಹಳ್ಳಿಯಲ್ಲಿ ಕೂತವರೂ ಒಂದು ರಾತ್ರಿಯಲ್ಲಿ ಇಳಿಸಿಕೊಳ್ಳಬಹುದು, ಕರೆಂಟ್ ಕೈ ಕೊಡದಿದ್ದರೆ. ಆದರೆ ಆ 1080 ಪೆಟ್ಟು ಹೊಡೆಯುವ ಮನುಷ್ಯ ಒಬ್ಬ ಇದ್ದಾನೆ. ಅವನಿಗೆ ‘ಮೂರನೇ ಪದರದ ಜೋರು ಕೊಡಿ’ ಅಂದರೆ ಅರ್ಥವಾಗುವುದಿಲ್ಲ, ಅರ್ಥವಾಗಬೇಕಾಗಿಯೂ ಇಲ್ಲ. ಮೆಲ್ಲಗಿನಿಂದ ಜೋರಿಗೆ ನಿಧಾನವಾಗಿ ಏರಿಸುತ್ತಾ ನುಡಿಸಿ ಅನ್ನಿ. ವಿಂಗಡಿಸುವುದು ಕಂಪ್ಯೂಟರ್ ಮುಂದೆ ಕೂತವನ ಕೆಲಸ.

ಇನ್ನು ಮೈಕ್ ಎಲ್ಲಿ ಇಡಬೇಕು? ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ನಮ್ಮಲ್ಲಿ ಬಹುಪಾಲು ಜನರ ಕಿವಿಯಲ್ಲಿ ಉಳಿದಿರುವುದು ದೂರದ ಚಂಡೆ. ಆಟ ನಡೆಯುವುದು ಕೊಯ್ಲಾದ ಗದ್ದೆಯಲ್ಲಿ, ಬಯಲಿನಲ್ಲಿ. ದನಿ ತೋಟ ದಾಟಿ ಬರುತ್ತದೆ. ಗಾಳಿಯಲ್ಲಿ ಬರುವಾಗ ಮೇಲಿನ ಚೂಪು ದನಿ ಸವೆದು ಹೋಗುತ್ತದೆ. ಹತ್ತಿರ ಗುಡ್ಡ ಇದ್ದರೆ ಒಂದು ಮಾರ್ದನಿ ತಡವಾಗಿ ಸೇರುತ್ತದೆ. ಸ್ಟುಡಿಯೋದಲ್ಲಿ ಚರ್ಮಕ್ಕೆ ಒಂದು ಗೇಣು ದೂರದಲ್ಲಿ ಮೈಕ್ ಇಟ್ಟು ರೆಕಾರ್ಡ್ ಮಾಡಿದರೆ ಇದ್ಯಾವುದೂ ಸಿಗುವುದಿಲ್ಲ. ಬರೀ ಕೋಲಿನ ಚಟಚಟ ಸಿಗುತ್ತದೆ. ಆಮೇಲೆ ಅದಕ್ಕೆ ದೊಡ್ಡ ಚರ್ಚಿನ ರಿವರ್ಬ್, ಅಂದರೆ ಕೃತಕ ಮಾರ್ದನಿ, ಹಾಕುತ್ತಾರೆ. ಬಯಲಾಟಕ್ಕೆ ಚರ್ಚು ಎಲ್ಲಿಂದ ಬಂತು?

ಹಾಗಾಗಿ ನನ್ನ ಆಸೆ ಹೀಗೆ: ಒಂದು ಮೈಕ್ ಚರ್ಮದ ಹತ್ತಿರ, ಒಂದು ಮುಂದಿನ ಸಾಲಿನ ಚಾಪೆಯ ಜಾಗದಲ್ಲಿ, ಇನ್ನೊಂದು ಐವತ್ತು ಮೀಟರ್ ಆಚೆ ಬಯಲಿನಲ್ಲಿ. ಮೂರನ್ನೂ ಬೇರೆ ಬೇರೆ ಫೇಡರಿಗೆ (ದನಿ ಏರಿಸಿ ಇಳಿಸುವ ಗುಂಡಿಗೆ) ಕೊಡಿ. ಮೂರನೆಯ ಮೈಕಿಗೆ ದನಿ ತಲುಪಲು ಸುಮಾರು 0.15 ಸೆಕೆಂಡು ಬೇಕು. ಆ ತಡವನ್ನು ತೆಗೆಯುವ ಒಂದು ಬಟನ್ ಇರಲಿ, ಇಟ್ಟುಕೊಳ್ಳುವ ಅವಕಾಶವೂ ಇರಲಿ.

ಬಯಲಿನಲ್ಲಿ ರೆಕಾರ್ಡ್ ಮಾಡುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಮಳೆಗಾಲದಲ್ಲಿ ಆಗುವುದೇ ಇಲ್ಲ. ತೇವಕ್ಕೆ ಚರ್ಮ ಸಡಿಲ ಬೀಳುತ್ತದೆ, ಕಪ್ಪೆಗಳು ತಮ್ಮದೇ ಕಛೇರಿ ನಡೆಸುತ್ತವೆ. ಮಳೆ ಹೋದ ಮೇಲೂ ಜೀರುಂಡೆ ಇರುತ್ತದೆ. ಒಂದೇ ಫೈಲಿನಲ್ಲಿ ಸಣ್ಣ ಗದ್ದಲ ಇದ್ದರೆ ಏನೂ ಅನಿಸುವುದಿಲ್ಲ. ಆದರೆ ಹತ್ತು ಸ್ಯಾಂಪಲ್ ಒಟ್ಟಿಗೆ ಬಾರಿಸಿದಾಗ ಗದ್ದಲ ಸುಮಾರು 10 ಡೆಸಿಬಲ್ ಏರುತ್ತದೆ. ಚಳಿಗಾಲದ ಬೆಳಗಿನ ಜಾವ, ಬಸ್ಸು ಶುರುವಾಗುವ ಮೊದಲು, ಅದೇ ಒಳ್ಳೆಯ ಹೊತ್ತು.

ಗುಮಟೆಯ ಸಮಸ್ಯೆ ಬೇರೆ. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗರ ವಾದ್ಯ ಅದು. ಮಣ್ಣಿನ ಮಡಿಕೆ, ಒಂದು ಬಾಯಿಗೆ ಚರ್ಮ, ಇನ್ನೊಂದು ಸಣ್ಣ ಬಾಯಿ ತೆರೆದೇ ಇರುತ್ತದೆ. ಬಲಗೈ ಚರ್ಮ ಬಡಿಯುತ್ತದೆ, ಎಡ ಅಂಗೈ ಆ ತೆರೆದ ಬಾಯಿಯನ್ನು ಮುಚ್ಚಿ ಬಿಡುತ್ತದೆ. ಒಳಗಿನ ಗಾಳಿಯ ದನಿ ಬಾಗುವುದು ಅಲ್ಲಿ. ಗುಮಟೆಯ ಜೀವವೇ ಅದು. ತೆರೆದ ಬಾಯಿಯ ಪೆಟ್ಟುಗಳನ್ನು ಮಾತ್ರ ರೆಕಾರ್ಡ್ ಮಾಡಿಟ್ಟರೆ ಒಡೆದ ಮಡಿಕೆ ಬಡಿದಂತೆ ಆಗುತ್ತದೆ. ಪೂರ್ತಿ ತೆರೆದದ್ದು, ಅರ್ಧ ಮುಚ್ಚಿದ್ದು, ಪೂರ್ತಿ ಮುಚ್ಚಿದ್ದು, ಬಡಿದ ಮೇಲೆ ಮುಚ್ಚಿದ್ದು, ಎಲ್ಲವೂ ಬೇಕು. ಅವನ್ನು ಕೀಬೋರ್ಡಿನ ಎಡಬದಿಯ ಮಾಡ್ಯುಲೇಷನ್ ಚಕ್ರಕ್ಕೆ ಕಟ್ಟಿದರೆ ಇಲ್ಲೂ ಆ ಕೆಲಸ ಎಡಗೈಗೇ ಬರುತ್ತದೆ. ಚೆನ್ನಾಗಿ ಹೊಂದುತ್ತದೆ.

ಗುಮಟೆಗೆ ಹಿಂದೆ ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಡಕ್ಕೆ ರಕ್ಷಣೆ ಇದೆ. ಗೋವಾದವರು 2019ರಲ್ಲಿ ಘುಮಟವನ್ನು ತಮ್ಮ ಪಾರಂಪರಿಕ ವಾದ್ಯ ಅಂತ ಘೋಷಿಸಿದರು, ಅಲ್ಲಿ ಈಗ ಆಡಿನ ಚರ್ಮ ಬಳಸುತ್ತಾರೆ. ‘ಅಸಲಿ ದನಿ ಬೇಕು’ ಅಂತ ಹೊಸದಾಗಿ ಉಡದ ಚರ್ಮ ಹುಡುಕಿಕೊಂಡು ಹೋಗುವ ಲೈಬ್ರರಿ ನನಗೆ ಬೇಡ. ಈಗ ಊರಲ್ಲಿ ಜನ ಏನು ನುಡಿಸುತ್ತಿದ್ದಾರೋ ಅದೇ ಅಸಲಿ.

ಲೂಪ್, ಅಂದರೆ ಮತ್ತೆ ಮತ್ತೆ ಸುತ್ತುವ ರೆಕಾರ್ಡಿಂಗ್ ತುಣುಕು, ಬೇಕು ಅನ್ನುವವರು ಬಹಳ ಜನ. ಏಕತಾಳದ ಒಂದು ಲೂಪ್, ಅಷ್ಟತಾಳದ ಒಂದು ಲೂಪ್, ಎಳೆದು ಹಾಕಿದರೆ ಮುಗಿಯಿತು. ನನಗೆ ಇಷ್ಟವಿಲ್ಲ. ಹಿಮ್ಮೇಳ ಮೆಟ್ರೊನೋಮ್ ನೋಡಿ ನಡೆಯುವುದಿಲ್ಲ. ಭಾಗವತರು ಎಳೆದರೆ ಎಳೆಯುತ್ತದೆ, ವೇಷದ ಕಾಲು ನೋಡಿ ಬಿಡ್ತಿಗೆ (ಕುಣಿತಕ್ಕೆ ನುಡಿಸುವ ಪೆಟ್ಟುಗಳ ಸಾಲು) ಬರುತ್ತದೆ, ಮುಕ್ತಾಯ ಬರುತ್ತದೆ. ಲೂಪ್ ಅದನ್ನೆಲ್ಲ ಒಂದು ಅಳತೆಗೆ ಕತ್ತರಿಸುತ್ತದೆ. ಅದರ ಬದಲು ಕಲಾವಿದರೇ ಪ್ಯಾಡ್ ಮೇಲೆ ನುಡಿಸಿದ ಮಿಡಿ ಫೈಲುಗಳನ್ನು ಕೊಡಿ. ಅವುಗಳಲ್ಲಿ ದನಿ ಇರುವುದಿಲ್ಲ, ಯಾವ ಪೆಟ್ಟು ಯಾವಾಗ, ಎಷ್ಟು ಜೋರಾಗಿ ಬಿತ್ತು ಅನ್ನುವುದು ಇರುತ್ತದೆ. ಕಾಲ ಏರಿಸಬಹುದು, ಇಳಿಸಬಹುದು, ಒಂದು ಪೆಟ್ಟು ತೆಗೆಯಬಹುದು.

ರಿವರ್ಬ್ ಬಗ್ಗೆ ಎರಡೇ ಮಾತು. ಒಂದು ಜಾಗದ ಮಾರ್ದನಿಯನ್ನು ಇಂಪಲ್ಸ್ ರೆಸ್ಪಾನ್ಸ್ ಆಗಿ, ಅಂದರೆ ಒಂದು ಚಿಕ್ಕ ಸದ್ದಿಗೆ ಆ ಜಾಗ ಕೊಡುವ ಉತ್ತರವಾಗಿ, ಹಿಡಿಯಲು ದೊಡ್ಡ ಖರ್ಚಿಲ್ಲ, ಒಂದು ಬಲೂನು ಒಡೆದರೂ ಕೆಲಸ ನಡೆಯುತ್ತದೆ. ಬನವಾಸಿಯ ಮಧುಕೇಶ್ವರ ದೇವಸ್ಥಾನದ ಮಂಟಪ, ಯಾಣದ ಬಂಡೆಯ ಸಂದು, ಇವನ್ನು ಅನುಮತಿ ತಗೊಂಡು ಹಿಡಿದಿಡಬಹುದು.

ಲೈಬ್ರರಿಯ ಫೈಲ್ ಫಾರ್ಮ್ಯಾಟ್: ದಯವಿಟ್ಟು ಎಸ್‌ಎಫ್‌ಜೆಡ್ ಅಥವಾ ಡೀಸೆಂಟ್ ಸ್ಯಾಂಪ್ಲರ್. ಎರಡಕ್ಕೂ ಪುಕ್ಕಟೆ ಪ್ಲೇಯರ್ ಇದೆ. ಲೈಬ್ರರಿ ಅಗ್ಗ, ಅದನ್ನು ತೆರೆಯುವ ಸಾಫ್ಟ್‌ವೇರ್ ದುಬಾರಿ ಅನ್ನುವ ಪರಿಸ್ಥಿತಿ ನಮ್ಮ ಹುಡುಗರಿಗೆ ಬೇಡ.

ಕೊನೆಯದಾಗಿ ಹಣದ ವಿಷಯ. ಸ್ಟುಡಿಯೋದವರು ಹಿಂದೇಟು ಹಾಕುವುದು ಇಲ್ಲೇ. ಸ್ಯಾಂಪಲ್ ಲೈಬ್ರರಿ ಕೊಂಡವರು ಸಾಮಾನ್ಯವಾಗಿ ತಮ್ಮ ಸಂಗೀತದಲ್ಲಿ ಅದನ್ನು ಎಷ್ಟು ಬೇಕಾದರೂ ಬಳಸಬಹುದು, ಪ್ರತಿ ಸಲ ರಾಯಲ್ಟಿ ಕಟ್ಟಬೇಕಾಗಿಲ್ಲ. ಸರಿ. ಆದರೆ ನುಡಿಸಿದವರಿಗೆ? ಒಂದು ದಿನದ ಕೂಲಿ, ಒಂದು ಊಟ, ಒಂದು ಶಾಲು. ಆಮೇಲೆ ಅವರ ಕೈ ಸಾವಿರ ಹಾಡುಗಳಲ್ಲಿ ನುಡಿಯುತ್ತದೆ. ಇನ್ನೊಂದು ಕಾರ್ಯಕ್ರಮಕ್ಕೆ ಅವರನ್ನು ಕರೆಯಬೇಕಾಗಿಯೂ ಇಲ್ಲ, ಕಂಪ್ಯೂಟರಿನಲ್ಲಿ ಅವರೇ ಇದ್ದಾರಲ್ಲ! ಲೈಬ್ರರಿಯಲ್ಲಿ ಇರುವುದು ವಾದ್ಯ ಮಾತ್ರ ಅಲ್ಲ, ಒಬ್ಬ ಕಲಾವಿದನ ಕೈ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರ ಹಕ್ಕು ಅಂತ ಒಂದು ಭಾಗ ಇದೆ. 2012ರ ತಿದ್ದುಪಡಿ ಅದನ್ನು ಇನ್ನೂ ಗಟ್ಟಿ ಮಾಡಿತು. ಹಾಗಾಗಿ ಒಪ್ಪಂದ ಕಾಗದದ ಮೇಲೆ, ಕನ್ನಡದಲ್ಲಿ ಇರಲಿ. ಮಾರಾಟದಲ್ಲಿ ಪಾಲು ಎಷ್ಟು, ಹೆಸರು ಎಲ್ಲಿ ಬರುತ್ತದೆ, ಆ ದನಿಯನ್ನು ಯಾವುದಕ್ಕೆ ಬಳಸಬಾರದು, ಮೂರೂ ಬರೆದಿರಲಿ.

ಹಾಡುವ ಗಂಟಲಿನ ಲೈಬ್ರರಿಯನ್ನು ನಾನು ಪಟ್ಟಿಯಲ್ಲಿ ಸೇರಿಸಿಲ್ಲ. ಹಾಲಕ್ಕಿ ಹಾಡುಗಳಿಂದ 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರಂಥವರ ದನಿಯನ್ನು ಅಕ್ಷರ ಅಕ್ಷರವಾಗಿ ಕತ್ತರಿಸಿ ಕೀಲಿಗಳಿಗೆ ಅಂಟಿಸುವುದು ನನ್ನ ಮನಸ್ಸಿಗೆ ಬರುವುದಿಲ್ಲ. ಹಾಡು ಬೇಕಾದರೆ ಹಾಡುವವರನ್ನೇ ಕರೆಯಿರಿ. ಬೇರೆ ಅಭಿಪ್ರಾಯ ಇದ್ದವರು ಈಗ ಹೇಳಬಹುದು.

ಚಹಾ ಬರುವಷ್ಟರಲ್ಲಿ ಒಂದು ಕೆಲಸ ಮಾಡೋಣ. ಮದ್ದಲೆ, ಚಂಡೆ ಇಟ್ಟುಕೊಂಡವರು ನಿಮ್ಮ ವಾದ್ಯ ಯಾವ ಶ್ರುತಿಗೆ ಕೂತಿದೆ ಅಂತ ಈ ಕಾಗದದಲ್ಲಿ ಬರೆದುಕೊಡಿ. ಬಿಳಿ ನಾಲ್ಕರ ಮದ್ದಲೆ ಯಾರ ಹತ್ತಿರ ಇದೆ?