ಕಡಿಮೆಯಾದ ಒಂದು ಟರೆಟ್, ಜಾಸ್ತಿಯಾದ ಒಂದು ಟರೆಟ್

ಎಲ್ಲರಿಗೂ ನಮಸ್ಕಾರ.

ಸಿನಿಮಾ ಶುರುವಾಗುವ ಮುಂಚೆ ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಕಥೆ ಹೇಳಿಬಿಡುತ್ತೇನೆ ಅಂತ ಹೆದರಬೇಡಿ. ಈ ಕಥೆ 1939ರ ಪೇಪರುಗಳಲ್ಲೇ ಬಂದುಹೋಗಿದೆ!

ಇವತ್ತಿನ ಸಿನಿಮಾ 'ದಿ ಬ್ಯಾಟಲ್ ಆಫ್ ದ ರಿವರ್ ಪ್ಲೇಟ್'. 1956ರದ್ದು. ಮೈಕೆಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಸೇರಿ ಮಾಡಿದ್ದು. ಇದರ ಮೇಲೆ ಒಂದು ಹಳೇ ದೂರು ಇದೆ. ಕಾಳಗ ನಡುವೆಯೇ ಮುಗಿದುಹೋಗುತ್ತದೆ, ಆಮೇಲೆ ಸಿನಿಮಾ ಎಳೆಯುತ್ತದೆ ಅಂತ. ಮೊದಲ ಸಲ ನೋಡಿದಾಗ ನಾನೂ ಗಡಿಯಾರ ನೋಡಿಕೊಂಡವನೇ. ಈಗ ನನಗೆ ಆ ಎಳೆತವೇ ಇಷ್ಟ. ಯಾಕೆ ಅಂತ ಹೇಳುತ್ತೇನೆ.

ನಡೆದದ್ದು ಇಷ್ಟು. ಎರಡನೇ ಮಹಾಯುದ್ಧ ಆಗಷ್ಟೇ ಶುರುವಾಗಿತ್ತು. 'ಅಡ್ಮಿರಲ್ ಗ್ರಾಫ್ ಸ್ಪೀ' ಅನ್ನುವ ಜರ್ಮನ್ ಯುದ್ಧನೌಕೆ ಕೆಲವೇ ತಿಂಗಳಲ್ಲಿ ಒಂಬತ್ತು ಸರಕು ಹಡಗುಗಳನ್ನು ಮುಳುಗಿಸಿತ್ತು. ಅದರ ಕ್ಯಾಪ್ಟನ್ ಹಾನ್ಸ್ ಲಾಂಗ್ಸ್‌ಡೋರ್ಫ್ ಆ ಒಂಬತ್ತರಲ್ಲಿ ಒಬ್ಬ ನಾವಿಕನೂ ಸಾಯದ ಹಾಗೆ ನೋಡಿಕೊಂಡಿದ್ದರು. ಡಿಸೆಂಬರ್ 13ರ ಬೆಳಗ್ಗೆ ದಕ್ಷಿಣ ಅಮೆರಿಕದ ಪ್ಲೇಟ್ ನದಿಯ ಅಳಿವೆಯಾಚೆ, ನಡುಸಮುದ್ರದಲ್ಲಿ, ಬ್ರಿಟಿಷರ ಕಡೆಯ ಮೂರು ಕ್ರೂಸರುಗಳು, ಅಂದರೆ ಮಧ್ಯಮ ಗಾತ್ರದ ವೇಗದ ಯುದ್ಧನೌಕೆಗಳು, ಇವರಿಗೆ ಎದುರಾದವು: ಎಕ್ಸೆಟರ್, ಏಜಾಕ್ಸ್, ಅಕಿಲೀಸ್. ಜೋರಾದ ಕಾಳಗ ನಡೆದದ್ದು ಸುಮಾರು ಎಂಬತ್ತು ನಿಮಿಷ. ಅಷ್ಟೇ. ಅದಾದ ಮೇಲೆ ನಾಲ್ಕು ದಿನ ಬರೀ ಕಾಯುವುದು.

ದೊಡ್ಡ ಫಿರಂಗಿಯ ಗುಂಡು ಒಂದು ಹಡಗಿನಿಂದ ಇನ್ನೊಂದರ ತನಕ ಅಷ್ಟು ದೂರ ಹಾರಿ ಬೀಳುವುದಕ್ಕೇ ಸುಮಾರು ಅರ್ಧ ನಿಮಿಷ ಹಿಡಿಯುತ್ತದೆ. ಹಾರಿಸಿದವರೂ ಕಾಯಬೇಕು, ಅದು ಯಾರ ಮೇಲೆ ಬರುತ್ತಿದೆಯೋ ಅವರೂ ಕಾಯಬೇಕು. ಸಾಮಾನ್ಯವಾಗಿ ಸಿನಿಮಾದವರು ಮಾಡುವುದೇನು? ಇಲ್ಲಿ ಢಂ, ಅಲ್ಲಿ ಬೆಂಕಿ. ನಡುವಿನ ಅರ್ಧ ನಿಮಿಷಕ್ಕೆ ಕತ್ತರಿ. ಇಲ್ಲೂ ಕತ್ತರಿ ಬಿದ್ದಿದೆ, ಇಲ್ಲ ಅನ್ನುವುದಿಲ್ಲ. ಆದರೆ ಗ್ರಾಫ್ ಸ್ಪೀ ಒಳಗಿನ ಬ್ರಿಟಿಷ್ ಕೈದಿಗಳನ್ನು, ಅಂದರೆ ಮುಳುಗಿದ ಸರಕು ಹಡಗುಗಳಿಂದ ಹಿಡಿದು ತಂದವರನ್ನು, ಗಮನಿಸಿ. ಕೂಡಿಹಾಕಿದ ಜಾಗದಿಂದ ಅವರಿಗೆ ಏನೂ ಕಾಣಿಸುವುದಿಲ್ಲ. ಸದ್ದು ಕೇಳಿಸುತ್ತದೆ, ಹಡಗು ನಡುಗುತ್ತದೆ. ಗೆಲ್ಲುತ್ತಿರುವುದು ಯಾರು ಅಂತ ಊಹಿಸುತ್ತಾ ಕೂತಿರುತ್ತಾರೆ. ಸೋತರೆ ಬಿಡುಗಡೆ, ಮುಳುಗಿದರೆ ತಾವೂ ಒಳಗೇ!

ಇನ್ನು ಆ 'ಎಳೆಯುವ' ಭಾಗ. ಏಟು ತಿಂದ ಗ್ರಾಫ್ ಸ್ಪೀ ಉರುಗ್ವೆಯ ಮೊಂಟೆವಿಡಿಯೊ ಬಂದರಿಗೆ ಹೋಗಿ ನಿಲ್ಲುತ್ತದೆ. ಉರುಗ್ವೆ ಯಾರ ಕಡೆಯೂ ಅಲ್ಲ. ರಿಪೇರಿಗೆ ಎಪ್ಪತ್ತೆರಡು ಗಂಟೆ ಕೊಟ್ಟಿತು. ಬ್ರಿಟಿಷರು ಮೊದಲು "ಈಗಲೇ ಹೊರಗೆ ಕಳಿಸಿ" ಅಂತ ಪಟ್ಟು ಹಿಡಿದರು. ಆಮೇಲೆ ತಮ್ಮ ಸಹಾಯದ ಹಡಗುಗಳು ಇನ್ನೂ ದೂರ ಇವೆ ಅನ್ನುವುದು ನೆನಪಾಗಿ, ಅದು ಹೊರಡದ ಹಾಗೆ ಮಾಡಲು ಒದ್ದಾಡಿದರು. ಅತ್ತ 'ಆರ್ಕ್ ರಾಯಲ್' ವಿಮಾನವಾಹಕ ಬಂದೇಬಿಟ್ಟಿತು ಅಂತ ಗಾಳಿಸುದ್ದಿ ಹಬ್ಬಿಸಿದರು. ಅದು ಇದ್ದದ್ದು ಸಾವಿರ ಕಿಲೋಮೀಟರಿಗೂ ದೂರ. ನಿಜವಾಗಿ ಬಂದು ಸೇರಿಕೊಂಡದ್ದು 'ಕಂಬರ್ಲೆಂಡ್' ಒಂದೇ. ಕಟ್ಟುಕಥೆಯಲ್ಲಿ ಹೀಗೆ ಬರೆದರೆ ಯಾರೂ ನಂಬುವುದಿಲ್ಲ, ಅಲ್ವಾ? ಸಿನಿಮಾದಲ್ಲಿ ಒಬ್ಬ ರೇಡಿಯೊದವನು ಬಾರಿನಲ್ಲಿ ಕೂತು ಇದಕ್ಕೆಲ್ಲ ಕಾಮೆಂಟರಿ ಹೇಳುತ್ತಾನೆ. ಟ್ರಾನ್ಸಿಸ್ಟರನ್ನು ಕಿವಿಗೆ ಹಚ್ಚಿಕೊಂಡು ಟೆಸ್ಟ್ ಮ್ಯಾಚ್ ಕೇಳಿದವರಿಗೆ ಆ ರುಚಿ ಗೊತ್ತಿರುತ್ತದೆ.

ಇದೇ ಜಾತಿಯ ಇನ್ನೊಂದು ಸಿನಿಮಾ 1960ರ 'ಸಿಂಕ್ ದ ಬಿಸ್ಮಾರ್ಕ್!'. ಬಿಸ್ಮಾರ್ಕ್ ಅನ್ನುವ ಜರ್ಮನ್ ಯುದ್ಧನೌಕೆಯನ್ನು ಬ್ರಿಟಿಷರು ಬೆನ್ನಟ್ಟಿದ ಕಥೆ. ಇದು ಎಳೆಯುವುದೇ ಇಲ್ಲ. ಹತ್ತಿರ ಹತ್ತಿರ ನೂರು ನಿಮಿಷ, ಸರಸರ ಓಡುತ್ತದೆ. ಲಂಡನ್ನಿನ ನೆಲಮಾಳಿಗೆಯಲ್ಲಿ ನಕ್ಷೆಯ ಮೇಲೆ ಪುಟಾಣಿ ಹಡಗುಗಳನ್ನು ತಳ್ಳುವುದನ್ನೇ ನೋಡುವ ಹಾಗೆ ಮಾಡಿದ್ದಾರೆ, ಶಭಾಶ್. ತಮ್ಮದೇ ಹಡಗಿನ ಮೇಲೆ ತಮ್ಮ ವಿಮಾನಗಳೇ ತಪ್ಪಿ ಟಾರ್ಪಿಡೊ ಬಿಟ್ಟದ್ದನ್ನೂ ಮುಚ್ಚಿಟ್ಟಿಲ್ಲ. ಆದರೆ ಅಷ್ಟು ಓಟಕ್ಕೆ ಒಬ್ಬ ಸಿದ್ಧ ಖಳನಾಯಕ ಬೇಕಾಗಿತ್ತು. ಹಾಗಾಗಿ ಬಿಸ್ಮಾರ್ಕ್ ಮೇಲಿದ್ದ ಜರ್ಮನ್ ಅಡ್ಮಿರಲ್ ಲ್ಯೂಟ್ಯೆನ್ಸ್ ಅವರನ್ನು ಹಿಟ್ಲರನ ಭಕ್ತನಾಗಿ, ಗೆಲುವಿನ ಅಮಲಿನಲ್ಲಿ ಕೂಗಾಡುವವನಾಗಿ ತೋರಿಸಿದ್ದಾರೆ. ನಿಜವಾದ ಲ್ಯೂಟ್ಯೆನ್ಸ್ ನಗು ಕಮ್ಮಿಯ, ಮುಗುಮ್ಮಾದ ಮನುಷ್ಯ. ಹಿಟ್ಲರನ ಎದುರಿಗೂ ನೌಕಾಪಡೆಯ ಹಳೇ ಸಲ್ಯೂಟನ್ನೇ ಹೊಡೆದವರು. 1941ರ ಮೇ 25 ಅವರ ಹುಟ್ಟುಹಬ್ಬ. ಹಿಂದಿನ ದಿನವಷ್ಟೇ ಬ್ರಿಟಿಷರ 'ಹುಡ್' ಹಡಗನ್ನು ಮುಳುಗಿಸಿದ್ದರು. ಅವತ್ತು ಸಿಬ್ಬಂದಿಗೆ ಕೊನೇ ಗುಂಡಿನ ತನಕ ಹೋರಾಡೋಣ ಅನ್ನುವ ಅರ್ಥದಲ್ಲಿ ಮಾತಾಡಿದರು. ಕೇಳಿದ ಹುಡುಗರ ಎದೆ ಕುಸಿಯಿತು. ಗೆದ್ದ ಮರುದಿನವೇ ತನ್ನ ಸಾವನ್ನು ಎದುರಿಗೇ ಕಂಡ ನಾಯಕ! ಇದನ್ನು ಬಿಟ್ಟು ಕೂಗಾಡುವವನನ್ನು ಹಾಕಿಕೊಂಡರಲ್ಲ ಅಂತ ನನಗೆ ಇವತ್ತಿಗೂ ಬೇಜಾರು.

ಹಡಗು ಬೇರೆಯಾದರೆ ನಾನು ಸುಮ್ಮನಿರುತ್ತೇನೆ. ಮನುಷ್ಯ ಬೇರೆಯಾದರೆ ಆಗುವುದಿಲ್ಲ. ಇವತ್ತಿನ ಸಿನಿಮಾ ಲಾಂಗ್ಸ್‌ಡೋರ್ಫ್ ಅವರನ್ನು ಮನುಷ್ಯನಾಗಿಯೇ ಉಳಿಸಿಕೊಂಡಿದೆ. ಪೀಟರ್ ಫಿಂಚ್ ಆ ಪಾತ್ರ ಮಾಡಿದ್ದಾರೆ. ಹೊರಗೆ ದೊಡ್ಡ ಪಡೆ ಕಾದಿದೆ ಅಂತ ನಂಬಿ ಹಡಗನ್ನು ತಾವೇ ಸ್ಫೋಟಿಸಿದ ಮೂರು ದಿನದೊಳಗೇ ಲಾಂಗ್ಸ್‌ಡೋರ್ಫ್ ಬ್ಯೂನಸ್ ಐರಿಸ್‌ನಲ್ಲಿ ಗುಂಡು ಹಾರಿಸಿಕೊಂಡು ಸತ್ತರು. ಸಿನಿಮಾ ಅದನ್ನು ತೋರಿಸುವುದಿಲ್ಲ. ತೋರಿಸಬೇಕಿತ್ತೋ ಬೇಡವೋ, ನೋಡಿದ ಮೇಲೆ ಜಗಳವಾಡೋಣ.

ಹಾಗಾದರೆ ಹಡಗುಗಳು? ಇಲ್ಲಿದೆ ತಮಾಷೆ. ಗ್ರಾಫ್ ಸ್ಪೀ ಮುಳುಗಿಹೋಗಿತ್ತಲ್ಲ, ಅದರ ಪಾತ್ರ ಮಾಡಿದ್ದು ಅಮೆರಿಕದ 'ಸೇಲಂ' ಅನ್ನುವ ಕ್ರೂಸರ್. ಅಕಿಲೀಸ್ ಪಾತ್ರ ಮಾಡಿದ್ದು ಅಕಿಲೀಸೇ. ಆದರೆ ಅಷ್ಟರಲ್ಲಿ ಅದು ನಮ್ಮದಾಗಿತ್ತು! 1948ರಲ್ಲಿ ಭಾರತ ಅದನ್ನು ಕೊಂಡಿತು. ಶೂಟಿಂಗ್ ಹೊತ್ತಿಗೆ ಅದರ ಹೆಸರು ಐಎನ್‌ಎಸ್ ದೆಹಲಿ. ಸಿನಿಮಾ ಬಂದ ಮರುವರ್ಷ, 1957ರಲ್ಲಿ, ನಮ್ಮ ನೌಕಾಪಡೆಗೆ ಬಂದ ಇನ್ನೊಂದು ಬ್ರಿಟಿಷ್ ಕ್ರೂಸರಿಗೆ 'ಮೈಸೂರು' ಅಂತ ಹೆಸರಿಟ್ಟರು. ಪಾಪ, ಅದಕ್ಕೆ ಈ ಸಿನಿಮಾದ ಚಾನ್ಸ್ ತಪ್ಪಿತು.

ಈಗ ನಿಮಗೊಂದು ಕೆಲಸ. ಟರೆಟ್ ಅಂದರೆ ಫಿರಂಗಿ ಕೂರಿಸಿದ, ತಿರುಗುವ ಉಕ್ಕಿನ ಗೂಡು. ನಿಜವಾದ ಗ್ರಾಫ್ ಸ್ಪೀಗೆ ದೊಡ್ಡ ಟರೆಟ್ ಎರಡೇ, ಮುಂದೊಂದು ಹಿಂದೊಂದು. ಪರದೆಯ ಮೇಲಿನದಕ್ಕೆ ಮೂರಿವೆ. ಕಾಳಗದ ದಿನ ಅಕಿಲೀಸ್‌ಗೆ ನಾಲ್ಕಿದ್ದವು. 1943ರ ಜನವರಿಯಲ್ಲಿ ಪೆಸಿಫಿಕ್‌ನಲ್ಲಿ ಜಪಾನಿನ ಬಾಂಬೊಂದು ಹಿಂಭಾಗದ ಎರಡು ಟರೆಟ್‌ಗಳಲ್ಲಿ ಒಂದರ ಮೇಲೆ ಬಿತ್ತು, ಆಮೇಲಿನ ರಿಪೇರಿಯಲ್ಲಿ ಅದನ್ನು ತೆಗೆದೇಬಿಟ್ಟರು. ಹಾಗಾಗಿ ತನ್ನದೇ ಪಾತ್ರ ಮಾಡಲು ಬಂದ ಹಡಗಿಗೆ ಉಳಿದದ್ದು ಮೂರು.

ಹಿಂದುಗಡೆ ನೋಡಿ, ಎಣಿಸಿ. ದೀಪ ಆರಿಸಿ ಸರ್, ನನ್ನದು ಮುಗಿಯಿತು.