ಶುಗರ್ ಇದ್ದವರಿಗೆ ಕೆಮ್ಮು ಬಂದಾಗ

ಕೇಳುಗರಿಗೆ ನಮಸ್ಕಾರ.

ಶುಗರ್ ಇರುವವರು ಸೊರಗಿದರೆ ಮನೆಯಲ್ಲಿ ಏನನ್ನುತ್ತಾರೆ? "ಶುಗರ್ ಜಾಸ್ತಿ ಆಗಿರಬೇಕು, ಅದಕ್ಕೇ ಇಳಿದುಹೋಗಿದ್ದಾರೆ." ಸುಸ್ತಾದರೂ ಅದೇ ಮಾತು. ಈ ಮಾತಿನ ಮರೆಯಲ್ಲೇ ಎಷ್ಟೋ ಜನರಲ್ಲಿ ಕ್ಷಯ, ಅಂದರೆ ಟಿಬಿ, ಸದ್ದಿಲ್ಲದೆ ಬೆಳೆಯುತ್ತದೆ. ಗುಣವಾಗುವ ಕಾಯಿಲೆ ಹೀಗೆ ಕೈಮೀರುವುದು ನೋಡಿದರೆ ಸಂಕಟವಾಗುತ್ತದೆ.

ಸಕ್ಕರೆ ಕಾಯಿಲೆಯವರಿಗೆ ಟಿಬಿ ಬರುವ ಸಾಧ್ಯತೆ ಉಳಿದವರಿಗಿಂತ 2ರಿಂದ 3 ಪಟ್ಟು ಜಾಸ್ತಿ. ಸಕ್ಕರೆ ಸದಾ ಏರಿಕೊಂಡೇ ಇದ್ದರೆ ರೋಗಾಣುಗಳನ್ನು ನುಂಗಿ ಕೊಲ್ಲುವ ಬಿಳಿ ರಕ್ತಕಣಗಳ ಕಸುವು ತಗ್ಗುತ್ತದೆ. ಎಂದೋ ಮೈಸೇರಿ ಸುಮ್ನೆ ಮಲಗಿದ್ದ ಟಿಬಿ ರೋಗಾಣು ಆಗ ಏಳುತ್ತದೆ. ಟಿಬಿ ಬಂದ ಮೇಲೆ ಸಕ್ಕರೆ ಇನ್ನೂ ಏರುತ್ತದೆ. ಹಾಗಾಗಿ ಶುಗರ್ ಇದ್ದವರಿಗೆ ಕೆಮ್ಮು 2 ವಾರ ದಾಟಿದರೆ, ಸಂಜೆ ಜ್ವರ ಬಂದರೆ, ರಾತ್ರಿ ಬೆವರಿದರೆ ಕಫ ಪರೀಕ್ಷೆ ಮಾಡಿಸಿ. ಟಿಬಿ ಇದೆ ಎಂದು ಗೊತ್ತಾದವರು ಶುಗರ್ ನೋಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಎರಡೂ ಇದ್ದವರ ಮನೆಯಲ್ಲಿ ಊಟದ್ದೇ ದೊಡ್ಡ ಗೊಂದಲ. ಟಿಬಿಗೆ ಚೆನ್ನಾಗಿ ತಿನ್ನಿ ಅನ್ನುತ್ತಾರೆ, ಶುಗರ್‌ಗೆ ಕಡಿಮೆ ತಿನ್ನಿ ಅನ್ನುತ್ತಾರೆ. ನೋಡಲು ಬಂದ ನೆಂಟರು ಬಾಳೆಹಣ್ಣು, ಗ್ಲೂಕೋಸ್ ಪೊಟ್ಟಣ ತರುತ್ತಾರೆ. ಗ್ಲೂಕೋಸ್ ಬೇಡವೇ ಬೇಡ. ಹಾಗಂತ ಉಪವಾಸ ಕೂರಬೇಡಿ. ಅನ್ನ, ಮುದ್ದೆ ಅಳತೆಯಲ್ಲಿರಲಿ. ಮೊಟ್ಟೆ, ಮೊಳಕೆ ಕಾಳು, ಬೇಳೆ, ಮೀನು, ಕಡಲೆಕಾಯಿ ಜಾಸ್ತಿ ಇರಲಿ. ಟಿಬಿ ಇದ್ದವರಿಗೆ ಸರ್ಕಾರ ನಡೆಸುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ನಡೆಯುವಷ್ಟು ಕಾಲ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಅದನ್ನು ಇಂಥ ಊಟಕ್ಕೇ ಬಳಸಿ.

ಇನ್ನು ಮಾತ್ರೆ. ಟಿಬಿ ಮಾತ್ರೆಯಲ್ಲಿ ರಿಫಾಂಪಿಸಿನ್ ಇರುತ್ತದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಅದರಿಂದಲೇ, ಹೆದರಬೇಡಿ. ಆದರೆ ಅದು ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಯ ಬಲ ತಗ್ಗಿಸುತ್ತದೆ. ನಿನ್ನೆವರೆಗೆ ಹಿಡಿತದಲ್ಲಿದ್ದ ಶುಗರ್ ಕೈತಪ್ಪಿ ಏರಬಹುದು. ಕೆಲವರಿಗೆ ವೈದ್ಯರು ಇನ್ಸುಲಿನ್ ಹೇಳುತ್ತಾರೆ, ಬೇಡ ಅನ್ನಬೇಡಿ. ಐಸೋನಿಯಾಜಿಡ್ ಎಂಬ ಇನ್ನೊಂದು ಔಷಧಿಯಿಂದ ಪಾದ ಜುಮ್ಮೆನ್ನಬಹುದು. ಶುಗರ್‌ನಿಂದಲೂ ಹಾಗೇ ಆಗುತ್ತದೆ, ಅಲ್ವಾ? ಅದಕ್ಕೆ ಬಿ6 ವಿಟಮಿನ್ ಮಾತ್ರೆ ಕೊಡುತ್ತಾರೆ, ಕೇಳಿ ಪಡೆಯಿರಿ.

ಸಾಮಾನ್ಯವಾಗಿ 6 ತಿಂಗಳ ಚಿಕಿತ್ಸೆ. ಕೆಮ್ಮು ನಿಂತಿತು ಎಂದು ನಡುವೆ ಬಿಡಲೇಬೇಡಿ. ಕೋರ್ಸ್ ಮುಗಿದ ಮೇಲೆ ಶುಗರ್ ಮಾತ್ರೆಗೆ ಮೊದಲಿನ ಬಲ ಮರಳಿ ಬರುತ್ತದೆ. ಟಿಬಿ ಚಿಕಿತ್ಸೆಯ ವೇಳೆ ಏರಿಸಿದ ಶುಗರ್ ಔಷಧಿಯ ಡೋಸ್ ಹಾಗೇ ಮುಂದುವರಿದರೆ ಶುಗರ್ ಕುಸಿದು ಕೈ ನಡುಗಿ, ತಲೆ ಸುತ್ತೀತು. ಟಿಬಿ ಮಾತ್ರೆ ನಿಲ್ಲುವ ವಾರವೇ ಶುಗರ್ ವೈದ್ಯರನ್ನೂ ಕಾಣಿ.

ನಮಸ್ಕಾರ.