ಹದಿನೇಳೂವರೆ ಡಾಲರಿನ ಅಳು

ಕೇಳುಗರೆಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ, ಅದ್ಭುತ ಕಲ್ಪನೆಯ ಸಿನಿಮಾಗಳು ಮತ್ತು ಅವನ್ನು ವಿಮರ್ಶಕರು ಕಂಡ ಬಗೆ. ವಿಷಯ ಆನೆಯಷ್ಟು, ಸಮಯ ಹತ್ತು ನಿಮಿಷ. ಅದಕ್ಕೇ ಒಂದೇ ಸಿನಿಮಾ ಹಿಡಿದಿದ್ದೇನೆ, ಒಂದೇ ಮಾತು ಹೇಳುತ್ತೇನೆ. ಈ ಸಿನಿಮಾ ತರಿಸುವ ಅಳು ಪುಕ್ಕಟೆಯದಲ್ಲ. ಇದನ್ನೇ ಇನ್ನೂ ಮೂರ್ನಾಲ್ಕು ಸಲ ಹೇಳುವವನಿದ್ದೇನೆ. ಮೂವತ್ತು ವರ್ಷ ಪಾಠ ಹೇಳಿದವನ ಚಾಳಿ ಅದು, ಸಹಿಸಿಕೊಳ್ಳಿ.

ಸಿನಿಮಾದ ಹೆಸರು 'ಇಟ್ಸ್ ಎ ವಂಡರ್‌ಫುಲ್ ಲೈಫ್'. ಅಮೆರಿಕದ್ದು, 1946ರದ್ದು, ಕಪ್ಪು ಬಿಳುಪು. ನಿರ್ದೇಶಕ ಫ್ರಾಂಕ್ ಕಾಪ್ರಾ. ನಾಯಕ ಜೇಮ್ಸ್ ಸ್ಟೂವರ್ಟ್. ಕಥೆ ಬಹಳ ಸರಳ. ಬೆಡ್‌ಫರ್ಡ್ ಫಾಲ್ಸ್ ಎಂಬ ಸಣ್ಣ ಊರು. ಅಲ್ಲಿ ಜಾರ್ಜ್ ಬೇಯ್ಲಿ ಎಂಬ ಹುಡುಗ. ಊರು ಬಿಟ್ಟು ಜಗತ್ತು ಸುತ್ತಬೇಕೆಂಬುದು ಅವನ ಆಸೆ. ಅಪ್ಪ ತೀರಿಕೊಳ್ಳುತ್ತಾನೆ. ಅಪ್ಪ ನಡೆಸುತ್ತಿದ್ದ, ಬಡವರಿಗೆ ಮನೆಸಾಲ ಕೊಡುವ ಸಂಸ್ಥೆ ಇವನ ಹೆಗಲಿಗೆ ಬೀಳುತ್ತದೆ. ಕಾಲೇಜಿಗೆ ತಮ್ಮ ಹೋಗುತ್ತಾನೆ, ಇವನು ಊರಲ್ಲೇ ಉಳಿಯುತ್ತಾನೆ. ಕೊನೆಗೆ ಒಂದು ಕ್ರಿಸ್‌ಮಸ್ ಹಿಂದಿನ ದಿನ ಸಂಸ್ಥೆಯ 8,000 ಡಾಲರ್ ಕಳೆದುಹೋಗುತ್ತದೆ. ಇವನು ಸಾಯಲೆಂದು ಸೇತುವೆಗೆ ಹೋಗುತ್ತಾನೆ. ಆಗ ಒಬ್ಬ ದೇವದೂತ ಬಂದು, 'ನೀನು ಹುಟ್ಟದೇ ಇದ್ದಿದ್ದರೆ ಈ ಊರು ಹೇಗಿರುತ್ತಿತ್ತು, ನೋಡು' ಎಂದು ತೋರಿಸುತ್ತಾನೆ.

ಈ ದೇವದೂತನನ್ನು ಹಿಡಿದುಕೊಂಡೇ ಕೆಲವು ವಿಮರ್ಶಕರು ಮೂಗು ಮುರಿದರು. ನ್ಯೂಯಾರ್ಕ್ ಟೈಮ್ಸ್‌ನ ಬಾಸ್ಲಿ ಕ್ರೌಥರ್ ಅವರ ದೂರು, ಚಿತ್ರದಲ್ಲಿ ಭಾವುಕತೆ ಹೆಚ್ಚಾಯಿತು, ಬದುಕು ಹೀಗಿರುವುದಿಲ್ಲ ಎಂದು. ಮೆಚ್ಚಿ ಬರೆದವರೂ ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ದುಡ್ಡು ಬರಲಿಲ್ಲ. ಹಂಚಿಕೆ ಮಾಡಿದ ಆರ್‌ಕೆಓ ಕಂಪನಿ ತನ್ನ ಲೆಕ್ಕದಲ್ಲಿ ಸುಮಾರು ಐದು ಲಕ್ಷ ಡಾಲರ್ ನಷ್ಟ ಬರೆದುಕೊಂಡಿತು.

ಕ್ರೌಥರ್ ದೊಡ್ಡವರು. ಆದರೂ ಕೇಳುತ್ತೇನೆ, ಇವರೆಲ್ಲ ಗಡಿಯಾರ ನೋಡಿಕೊಂಡಿದ್ದರೇ? ಸಿನಿಮಾ 130 ನಿಮಿಷದ್ದು. ದೇವದೂತ ಸೇತುವೆಗೆ ಬಂದಿಳಿಯುವುದು ಸುಮಾರು 100 ನಿಮಿಷ ಕಳೆದ ಮೇಲೆ! ಶುರುವಿನಲ್ಲಿ ಆಕಾಶದಲ್ಲಿ ದೇವದೂತರು ಮಾತಾಡಿಕೊಳ್ಳುವುದೊಂದನ್ನು ಬಿಟ್ಟರೆ, ಅಲ್ಲಿಯವರೆಗೆ ಊರಲ್ಲಿ ಮಾಯವೂ ಇಲ್ಲ, ಮಂತ್ರವೂ ಇಲ್ಲ. ಇರುವುದು ಬರೀ ಸಾಲ, ಕಂತು, ಮಳೆಗೆ ಸೋರುವ ಮನೆ, ಹೋಗಲಾಗದ ಪ್ರವಾಸ. ನೂರು ನಿಮಿಷ ಕಂತು ಕಟ್ಟಿಸಿಕೊಂಡು, ಆಮೇಲೆ ಬಡ್ಡಿ ಸಮೇತ ಕೊಡುತ್ತದೆ ಈ ಸಿನಿಮಾ. ಈ ಅಳು ಪುಕ್ಕಟೆಯದಲ್ಲ.

ಇದು ನನ್ನ ಸ್ವಂತ ಬುದ್ಧಿಯಿಂದ ಹೊಳೆದದ್ದಲ್ಲ. ಕಲಿಸಿದವರು ನಮ್ಮ ಓಣಿಯ ಸೊಸೈಟಿ ಕಾಕಾ.

1991ರ ಮಾತು. ನಾವು ನಾಲ್ಕೈದು ಮಾಸ್ತರು ಸೇರಿ ತಿಂಗಳಿಗೊಂದು ಒಳ್ಳೆಯ ಸಿನಿಮಾ ತೋರಿಸುತ್ತಿದ್ದೆವು. ಶಾಲೆಯ ಒಂದು ಕೋಣೆ, ಬಾಡಿಗೆಯ ಟೀವಿ, ವಿಸಿಆರ್, ನೆಲಕ್ಕೆ ಜಮಖಾನೆ. ಇಂಗ್ಲಿಷ್ ಸಿನಿಮಾ ಆದರೆ ನಾನು ಟೀವಿ ಪಕ್ಕ ನಿಂತು ಕನ್ನಡದಲ್ಲಿ ಹೇಳಬೇಕು. ಕಾಕಾ ಓಣಿಯ ಪತ್ತಿನ ಸಹಕಾರ ಸಂಘದಲ್ಲಿ ಇಪ್ಪತ್ತೆಂಟು ವರ್ಷ ಸೆಕ್ರೆಟರಿ ಆಗಿದ್ದವರು. ಸಿನಿಮಾ ಅಂದರೆ ಅವರಿಗೆ ಅಷ್ಟಕ್ಕಷ್ಟೇ. ಅವತ್ತು ಮನೆಯಲ್ಲಿ ಕರೆಂಟ್ ಇರಲಿಲ್ಲ, ಸೆಕೆ ತಾಳದೆ ಬಂದು ಬಾಗಿಲ ಹತ್ತಿರ ಕೂತರು.

ಮೊದಲ ಅರ್ಧ ಗಂಟೆ ತೂಕಡಿಸಿದರು. ಆಮೇಲೆ ಆ ದೃಶ್ಯ ಬಂತು. ಜಾರ್ಜನ ಮದುವೆಯ ದಿನ. ಬ್ಯಾಂಕ್ ಮುಳುಗಿತೆಂದು ಊರಲ್ಲಿ ಸುದ್ದಿ. ಜನ ಇವನ ಸಂಸ್ಥೆಗೂ ನುಗ್ಗಿ, ಇಟ್ಟ ದುಡ್ಡು ಕೊಡು ಅನ್ನುತ್ತಾರೆ. ಇವನು, 'ನಿಮ್ಮ ದುಡ್ಡು ಇಲ್ಲಿ ಪೆಟ್ಟಿಗೆಯಲ್ಲಿ ಕೂತಿಲ್ಲ, ನಿಮ್ಮ ಪಕ್ಕದವನ ಮನೆಯ ಗೋಡೆಯಲ್ಲಿದೆ' ಅನ್ನುತ್ತಾನೆ. ನಾನು ಕನ್ನಡದಲ್ಲಿ ಹೇಳಿದೆನೋ ಇಲ್ಲವೋ, ಕಾಕಾ ನೆಟ್ಟಗೆ ಕೂತರು. "ಖರೇ ಹೇಳ್ತಾನ ನೋಡು" ಅಂದರು, ಜೋರಾಗಿಯೇ.

ಮದುಮಗಳು ಮಧುಚಂದ್ರಕ್ಕೆಂದು ಇಟ್ಟುಕೊಂಡಿದ್ದ 2,000 ಡಾಲರ್ ಎತ್ತಿ ತೋರಿಸುತ್ತಾಳೆ. ಹಂಚಲು ಶುರು. ಮೊದಲನೆಯವನು ತನ್ನ 242 ಡಾಲರ್ ಪೂರಾ ಬೇಕೆಂದು ಹಟ ಹಿಡಿಯುತ್ತಾನೆ. "ಹಿಂತಾವ ಒಬ್ಬ ಎಲ್ಲಾ ಊರಾಗೂ ಇರ್ತಾನ" ಅಂದರು ಕಾಕಾ. ಆಮೇಲಿನವರು ಇಪ್ಪತ್ತು ಸಾಕು ಅನ್ನುತ್ತಾರೆ. ಕೊನೆಗೆ ಒಬ್ಬ ಹೆಂಗಸು ಸಂಕೋಚದಿಂದ ಏನೋ ಕೇಳುತ್ತಾಳೆ, ಜಾರ್ಜ್ ಬಗ್ಗಿ ಅವಳಿಗೊಂದು ಮುತ್ತು ಕೊಡುತ್ತಾನೆ.

"ತಮ್ಮಾ, ಎಷ್ಟು ಕೇಳಿದ್ಲು ಆಕಿ?"

"ಹದಿನೇಳೂವರೆ ಡಾಲರ್ ರೀ ಕಾಕಾ."

"ಅಷ್ಟಽ?"

"ಅಷ್ಟಽ ರೀ."

ತಿರುಗಿ ನೋಡಿದರೆ ಕಾಕಾ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿದ್ದಾರೆ. ನಾನು ಹೇಳುವುದನ್ನೇ ನಿಲ್ಲಿಸಿದೆ. ಹುಡುಗರು ಮುಂದೇನು, ಮುಂದೇನು ಅಂತ ಗದ್ದಲ. ಅಲ್ಲಿ ಸಂಸ್ಥೆ ಬಾಗಿಲು ಹಾಕುವ ಹೊತ್ತಿಗೆ ಎರಡೇ ಡಾಲರ್ ಉಳಿದಿದ್ದವು, ಅವರೆಲ್ಲ ಅವನ್ನು ತಟ್ಟೆಯಲ್ಲಿಟ್ಟುಕೊಂಡು ಕುಣಿಯುತ್ತಿದ್ದರು.

ಸಿನಿಮಾ ಮುಗಿದ ಮೇಲೆ ಜಮಖಾನೆ ಮಡಚುತ್ತಾ ಕಾಕಾ ಹೇಳಿದರು. ಹಿಂದೊಮ್ಮೆ ಸೊಸೈಟಿ ಮುಳುಗಿತೆಂದು ಯಾರೋ ಸಂತೆಯಲ್ಲಿ ಗಾಳಿಸುದ್ದಿ ಹಬ್ಬಿಸಿದ್ದರಂತೆ. ಬೆಳಗಾಗುವುದರೊಳಗೆ ಬಾಗಿಲಲ್ಲಿ ಇನ್ನೂರು ಜನ. ಕಾಕಾ ಹೆಂಡತಿಯ ಪಾಟ್ಲಿ ಒತ್ತೆಯಿಟ್ಟು ದುಡ್ಡು ತಂದು ಕೂತಿದ್ದರಂತೆ. ಸಾಲಿನಲ್ಲಿ ಕಾಯಿಪಲ್ಲೆ ಮಾರುವ ಒಬ್ಬ ಅಜ್ಜಿ. ಅವಳದು ನಾನೂರು ರೂಪಾಯಿ ಇತ್ತು. "ಮೂವತ್ತು ಕೊಡಪಾ, ನಾಳಿ ಸಂತಿಗೆ ಮಾಲು ತರಾಕ. ಉಳಿದದ್ದು ನಿನ್ನ ಕಡೇನ ಇರ್ಲಿ" ಅಂದಳಂತೆ. ಅವಳ ಹಿಂದೆ ನಿಂತವರು ಒಬ್ಬೊಬ್ಬರಾಗಿ ಪಾಸ್‌ಬುಕ್ ಜೇಬಿಗಿಟ್ಟುಕೊಂಡು ಮನೆಗೆ ಹೋದರಂತೆ. ಈ ಸಂಗತಿಯನ್ನು ಕಾಕಾ ಅಲ್ಲಿಯವರೆಗೆ ಯಾರ ಮುಂದೆಯೂ ಆಡಿರಲಿಲ್ಲ.

1905ರಲ್ಲೇ ನಮ್ಮ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಅಂಥ ಸೀಮೆಯ ಮನುಷ್ಯನಿಗೆ ಜಾರ್ಜ್ ಬೇಯ್ಲಿ ಯಾರೆಂದು ಯಾರೂ ವಿವರಿಸಿ ಹೇಳಬೇಕಾಗಲಿಲ್ಲ. ಎಲ್ಲರೂ ಕೊನೆಯಲ್ಲಿ ಅಳುತ್ತಾರೆ, ಕಾಕಾ ಹದಿನೇಳೂವರೆ ಡಾಲರಿಗೇ ಅತ್ತರು. ದೇವದೂತ ಆಗ ಇನ್ನೂ ಭೂಮಿಗೇ ಇಳಿದಿರಲಿಲ್ಲ. ನಾನು ಹೇಳುತ್ತಿರುವುದೂ ಅದನ್ನೇ.

ಗಾಜಿನಾಚೆಯಿಂದ ಮೂರು ಬೆರಳು ತೋರಿಸುತ್ತಿದ್ದಾರೆ, ಮೂರೇ ನಿಮಿಷ ಅಂತ. ಉಳಿದದ್ದು ಓಡುತ್ತಾ ಹೇಳುತ್ತೇನೆ.

ಸ್ಟೂವರ್ಟ್. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿ ಬಂದ ಮನುಷ್ಯ. ಬಂದ ಮೇಲೆ ಇದೇ ಮೊದಲ ಸಿನಿಮಾ. ಹೆಂಡದಂಗಡಿಯಲ್ಲಿ ಕೂತು ದೇವರನ್ನು ಬೇಡುವ ದೃಶ್ಯದಲ್ಲಿ ಅವರಿಗೆ ನಿಜವಾಗಿಯೇ ಅಳು ಬಂತು. ಕ್ಯಾಮೆರಾ ದೂರವಿತ್ತು. ಮತ್ತೊಮ್ಮೆ ಆ ಅಳು ತರಿಸಲಾಗದೆಂದು ಕಾಪ್ರಾ ಅದೇ ಚಿತ್ರಿಕೆಯನ್ನು ಲ್ಯಾಬಿನಲ್ಲಿ ಹಿಗ್ಗಿಸಿ ಹತ್ತಿರಕ್ಕೆ ತಂದರು. ಆ ದೃಶ್ಯದಲ್ಲಿ ಚಿತ್ರ ಸ್ವಲ್ಪ ಮಸುಕು, ಗಮನಿಸಿ.

ಆಸ್ಕರ್. ಐದು ನಾಮನಿರ್ದೇಶನ ಸಿಕ್ಕವು, ಆ ಐದರಲ್ಲಿ ಒಂದೂ ಗೆಲ್ಲಲಿಲ್ಲ. ಬೇಸಿಗೆಯಲ್ಲಿ ಬೆಂಕಿ ನಂದಿಸುವ ನೊರೆಯಿಂದ ಹಿಮ ಬೀಳಿಸಿದ್ದಕ್ಕೆ ತಾಂತ್ರಿಕ ಪುರಸ್ಕಾರ ಬಂತು. ಸಿನಿಮಾಕ್ಕಿಲ್ಲ, ನೊರೆಗೆ! 1947ರಲ್ಲಿ ಅಮೆರಿಕದ ಎಫ್‌ಬಿಐ ಕಡತದಲ್ಲೂ ಇದರ ಹೆಸರು ಬಂತು. ಬ್ಯಾಂಕ್ ಮಾಲೀಕನನ್ನು ಕೆಟ್ಟವನನ್ನಾಗಿ ತೋರಿಸುವುದು ಕಮ್ಯುನಿಸ್ಟರ ಹೂಟವಂತೆ. ನಗಬೇಡಿ, ಬರೆದಿದ್ದಾರೆ.

ಮತ್ತೆ ಗೆದ್ದದ್ದು ಹೇಗೆ? 1974ರಲ್ಲಿ ಹಕ್ಕುಸ್ವಾಮ್ಯ ನವೀಕರಿಸುವುದನ್ನು ಮರೆತರು. ದುಡ್ಡು ಕೊಡಬೇಕಿಲ್ಲವಲ್ಲ ಎಂದು ಟೀವಿಯವರು ಕ್ರಿಸ್‌ಮಸ್ ಬಂದರೆ ಸಾಕು, ಹಗಲೂ ರಾತ್ರಿ ಹಾಕಿದರು. ಮನೆಮನೆಯಲ್ಲಿ ನೋಡಿದರು, ಅತ್ತರು, ಮರುವರ್ಷ ಮತ್ತೆ ಹುಡುಕಿ ನೋಡಿದರು. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು. ಸಿನಿಮಾ ಪುಕ್ಕಟೆ ಸಿಕ್ಕಿತು, ಅಳು ಮಾತ್ರ ಪುಕ್ಕಟೆಯದಲ್ಲ.

ನೋಡುವುದಾದರೆ ದಯವಿಟ್ಟು ಕಪ್ಪು ಬಿಳುಪಿನದನ್ನೇ ನೋಡಿ. ಬಣ್ಣ ಬಳಿದ ಆವೃತ್ತಿಯೂ ಇದೆ, ಅದು ಬೇಡ. ಸ್ಟೂವರ್ಟ್ ಅವರೇ ಬೇಡವೆಂದಿದ್ದರು. ಸೇತುವೆಗೆ ಬರುವವರೆಗೆ ಮುಂದೆ ಓಡಿಸಲೂಬೇಡಿ. ಈಗಿನವರು ಓಡಿಸುತ್ತಾರೆ, ನನಗೆ ಗೊತ್ತು.

ಇನ್ನೊಂದು ಉಳಿಯಿತು. ಕಳೆದ ಆ 8,000 ಡಾಲರ್ ಬ್ಯಾಂಕ್ ಮಾಲೀಕ ಪಾಟರ್‌ನ ಕೈಗೇ ಸಿಕ್ಕಿರುತ್ತದೆ, ಅವನು ಬಾಯಿ ಬಿಡುವುದಿಲ್ಲ. ಸಿನಿಮಾ ಮುಗಿದರೂ ಅವನಿಗೆ ಶಿಕ್ಷೆ ಆಗುವುದಿಲ್ಲ. ಅವತ್ತು ಮನೆಗೆ ಹೊರಟ ಕಾಕಾ ಬಾಗಿಲಲ್ಲಿ ನಿಂತು, "ಅಲ್ಲೋ ತಮ್ಮಾ, ಜನಾ ಎಲ್ಲಾ ಕೂಡಿ ರೊಕ್ಕಾ ತುಂಬಿ ಕೊಟ್ರು, ಛಲೋ ಆತು. ಆದ್ರ ಆಡಿಟ್‌ನ್ಯಾಗ ಆ ಎಂಟು ಸಾವಿರ ಹ್ಯಾಂಗ ತೋರಸ್ತಾನ ಅವಾ?" ಎಂದು ಕೇಳಿದ್ದರು. ಕಾಕಾ ತೀರಿಕೊಂಡು ಹದಿನೈದು ವರ್ಷವಾಯಿತು. ನನಗೆ ಇನ್ನೂ ಉತ್ತರ ಸಿಕ್ಕಿಲ್ಲ.

ನಮಸ್ಕಾರ.